ಎತ್ತಬಾರದ ಕರೆ

ಗ್ರಿಮ್ಸ್‌ಬಿಯ ಬಸ್‌ಸ್ಟಾಪಿನಲ್ಲಿ, ವಿನೆಗರ್ ಹತ್ತಿದ ಕಿರುಬೆರಳು ಹೆಣೆದು
ಮಾತು ಕೊಟ್ಟಿದ್ದಳು ಟ್ಯಾಮ್ಸಿನ್:
ನಾಲ್ಕೂಮುಕ್ಕಾಲಿಗೆ ಒಂದು ಮಿಸ್ಡ್ ಕಾಲ್.
ನೀನು ಎತ್ತಬಾರದು. ಏಳಬೇಕು. ಲೆಕ್ಕ ಮಾಡಬೇಕು.

ಅವಳಿಗೆ ಆ ಹೊತ್ತಿಗೆ ಮೀನಿನ ಶೆಡ್ಡು,
ಗ್ಲೌಸಿನೊಳಗೂ ನುಗ್ಗುವ ಐಸು.
ನನಗೆ ಹಾಸಿಗೆ, ಬೀಜಗಣಿತ;
ಮಗ್ಗುಲಾದೆನೋ, ಅವಳ ಐಸೇ ನನ್ನ ಬೆನ್ನಿಗೆ.
ನಾನೆದ್ದೆನೋ ಇಲ್ಲವೋ, ಅವಳೆಂದೂ ಕೇಳಲಿಲ್ಲ.

ಎರಡು ಚಳಿಗಾಲ. ಒಂದು ದಿನವೂ ತಪ್ಪಲಿಲ್ಲ.
ಅವಳಮ್ಮ ತೀರಿಕೊಂಡ ಬೆಳಿಗ್ಗೆ ಕೂಡ
ಎರಡು ಸಲ ರಿಂಗಾಗಿ ನಿಂತಿತು.
ಎದ್ದೆ. ಲೆಕ್ಕ ಮಾಡಿದೆ.
ನನಗೆ ತಿಳಿದದ್ದು ಸಂಜೆ.

ಲೀಡ್ಸಿನಲ್ಲಿ ಸೀಟು ಸಿಕ್ಕ ಮರುದಿನ
ಮಾತು ಮುರಿದೆ, ಎತ್ತಿದೆ.
ಅತ್ತ ಐಸು ಪುಡಿಯಾಗುವ ಸದ್ದು. ಆಮೇಲೆ ಅವಳು:
"ಅಯ್ಯೋ, ದುಡ್ಡು ದಂಡ! ಇಡೇ ಫೋನು."