ಒಂದು ಗುಂಡಿ ಹೆಚ್ಚು

ಮತಚೀಟಿ ಅಚ್ಚು ಹಾಕಿಸುವ ದುಡ್ಡು
ಯಾರ ಜೇಬು ಸೇರಿತೆಂಬುದೇ ಮೊದಲ ಜಗಳ.
ಅದಕ್ಕೇ ಗುಂಡಿ:
ಹಿತ್ತಾಳೆಯದು ಲಿಮಕಾತ್ಸೊಗೆ, ಬಿಳಿಯದು ಮೊಖೆಥಿಗೆ.
ಎಣಿಸುವವಳು ನಾನು,
ಎರಡೂ ಬಣಕ್ಕೆ ಸಾಲ ತೀರಿಸಬೇಕಾದವಳು. ಅದೇ ಅರ್ಹತೆ.

ಜುಲೈ. ಮಸೇರುವಿನಾಚೆ ಗುಡ್ಡಗಳ ಮೇಲೆ ಹಿಮ.
ಚರ್ಚಿನ ಹಿಂದಿನ ಕೋಣೆ ತುಂಬ ಕಂಬಳಿ ಹೊದ್ದ ಹೆಂಗಸರು.
ಕೆಮ್ಮಿದರೆ ಕರವಸ್ತ್ರದಲ್ಲಿ ನೀಲಿ,
ಜೀನ್ಸಿನ ಧೂಳು.
ಅದಕ್ಕೆ ಬಣವಿಲ್ಲ.

ಹಿತ್ತಾಳೆ ನೂರ ಐವತ್ತಾರು, ಬಿಳಿ ನೂರ ಐವತ್ತೈದು.
ಸಹಿ ಹಾಕಿದವರು ಮುನ್ನೂರ ಹತ್ತು.

"ಕಳ್ಳತನ!" ಮೊಖೆಥಿಯ ಕುರ್ಚಿ ಉರುಳಿತು.
"ಮುಷ್ಕರದ ದಿನ ಮ್ಯಾನೇಜರನ ವ್ಯಾನಿನಲ್ಲಿ ಕೂತು
ಕೋಳಿ ತಿಂದವನು ಯಾರಪ್ಪಾ?" ಹಿಂದಿನ ಸಾಲಿನಿಂದ ಒಂದು ದನಿ.
ಒಂದು ಎಳೆ ಜಗ್ಗಿದ್ದೇ ತಡ,
ಮೂರು ವರ್ಷದ ಹೊಲಿಗೆ ಸರ್ರನೆ ಬಿಚ್ಚಿಕೊಂಡಿತು.

ಆಗ ಮಾಸೆಚಬಾ ಎದ್ದಳು, ಕಾಜಾ ಹಾಕುವವಳು.
ಯಾವತ್ತೂ ಮಾತಾಡದವಳು.
"ಹೆಚ್ಚಿನದು ನಾನು ಹಾಕಿದ್ದು. ನನ್ನ ತಂಗಿಯದು.
ಮೇ ತಿಂಗಳಲ್ಲಿ ಮಣ್ಣು ಮಾಡಿದೆವಲ್ಲ, ನೀವೂ ಬಂದಿದ್ದಿರಿ.
ಚಂದಾ ಡಿಸೆಂಬರ್ ತನಕ ಕಟ್ಟಿದ್ದಾಳೆ.
ರಸೀದಿ ಇದೆ."

ನಿಯಮಾವಳಿ ತೆಗೆಸಿದರು. ಒಂಬತ್ತನೆಯದು:
ಬಾಕಿಯಿಲ್ಲದ ಸದಸ್ಯರೆಲ್ಲ ಮತ ಹಾಕಬಹುದು.
ಉಸಿರಾಡುತ್ತಿರಬೇಕು ಅಂತ
ಎಲ್ಲೂ ಬರೆದಿಲ್ಲ.

ಕೊನೆಯ ಟ್ಯಾಕ್ಸಿ ಹಾರ್ನ್ ಹೊಡೆಯುತ್ತಿತ್ತು,
ಬೆಳಗ್ಗೆ ಏಳಕ್ಕೆ ಗೇಟು ಮುಚ್ಚುತ್ತದೆ.
ತೀರ್ಮಾನ ಮುಂದಿನ ಭಾನುವಾರಕ್ಕೆ.

ಬೀಗದ ಕೈ ಮೊಖೆಥಿ ಹತ್ತಿರ, ಡಬ್ಬಿ ನನ್ನ ಮಂಚದ ಕೆಳಗೆ.
ನಿದ್ದೆ ಬಾರದೆ ಒಮ್ಮೆ ಅಲ್ಲಾಡಿಸಿದೆ.
ಸತ್ತವಳದು
ಬೇರೆ ಸದ್ದು ಮಾಡಲಿಲ್ಲ.