ಅಡಿಟಿಪ್ಪಣಿ ೪೧

ಮುನಿಪಿಳ್ಳಮ್ಮ. ಸಂದರ್ಶನ. ಕ್ಯಾಸೆಟ್ಟು, ಎ ಬದಿ.
ಗೋಪಾಲಪುರ, ಬೆಂಗಳೂರು. ೧೯೮೮, ಆಷಾಢ...
ತಾರೀಖು ಬರೆಯುವಷ್ಟರಲ್ಲಿ ಯಾರದೋ ಪೆನ್ನು ಒಣಗಿದೆ.

ಅಲ್ಪವಿರಾಮ ಎಲ್ಲಿ, ಪೂರ್ಣವಿರಾಮ ಎಲ್ಲಿ,
ಕೈಪಿಡಿ ಎಲ್ಲ ಹೇಳುತ್ತದೆ.
ಮೊದಲ ಹೆಸರು ಯಾರದು ಎನ್ನುವಲ್ಲಿ ಮಾತ್ರ ತಡವರಿಸುತ್ತದೆ:
ಮಾತಾಡಿದವಳದೋ, ಗುಂಡಿ ಒತ್ತಿದವನದೋ?
ಅವಳದೇ ಬರೆದೆ. ಇನಿಷಿಯಲ್ಲು ಬೇಕಿತ್ತು, ಇರಲಿಲ್ಲ.

ಜ್ಞಾನಭಾರತಿಯ ಲೈಬ್ರರಿ, ಕಿಟಕಿ ಪಕ್ಕದ ಮೇಜು.
ಮೂವತ್ತು ವರ್ಷ ಮಗ್ಗದ ಸದ್ದಿನೊಳಗೆ ದುಡಿದವಳು
ಈಗಲೂ ಕೂಗಿಯೇ ಮಾತಾಡುತ್ತಾಳೆ,
ಎದುರು ಕೂತವನು ಆಚೆ ಸಾಲಿನಲ್ಲಿರುವ ಹಾಗೆ.
ಯಾರೋ ಸ್ಟೌವಿಗೆ ಪಂಪು ಹೊಡೆಯುತ್ತಾರೆ.
ಮೈಸೂರಿನ ರೈಲು ಹಾಯುತ್ತದೆ, ಅವಳು ಕಾಯುವುದಿಲ್ಲ.
ಒಂದು ಹುಡುಗಿ: 'ಅವ್ವಾ, ನಲ್ಲೀಲಿ ನೀರ್ ಬಂತು.'
'ಬಿಂದ್ಗೆ ಇಡು' ಅನ್ನುತ್ತಾಳೆ, ಮುಷ್ಕರದ ಕತೆ ಕೈಬಿಡದೆ.
ಇದನ್ನೂ ಉಲ್ಲೇಖಿಸಲೇ? ೧೨:೪೦, ಬಿಂದಿಗೆ.

ಮೂವತ್ತನೆಯ ನಿಮಿಷ. ಗೇಟಿಗೆ ಬೀಗ ಬಿದ್ದ ದಿನ.
'ನಮ್ಮನ್ನ ಮಾರಿದ್ದು ಯೂನಿಯನ್ನೋರಲ್ಲ ಸ್ವಾಮಿ,
ಬೀದಿಗೆಲ್ಲ ಗೊತ್ತು, ಅವನು...'
ಟಕ್.
ಬಿ ಬದಿ: '...ಹಂಗಾಗಿ ಮಗಳ ಮದ್ವೆ ಮುಂದಕ್ಕೋಯ್ತು.'

ತೆಗೆದು, ತಿರುವಿ, ಹಾಕಿ, ಮತ್ತೆ ಒತ್ತಲು
ಐದು ಸೆಕೆಂಡು? ಹತ್ತು?
ಒಂದು ಹೆಸರಿಗೆ ಧಾರಾಳವಾಗಿ ಸಾಕು.
ಇಂಥಲ್ಲಿ 'ಅಸ್ಪಷ್ಟ' ಎಂದು ಬರೆಯುವುದು ರೂಢಿ.
ಅಸ್ಪಷ್ಟವಾಗಿ ಅವಳು ಏನನ್ನೂ ಹೇಳಿದವಳಲ್ಲ.

ಗೋಪಾಲಪುರಕ್ಕೆ ಹೋದೆ.
ಮಿಲ್ಲು ಎಲ್ಲಿತ್ತು ಎಂದರೆ ವಾಚ್‌ಮನ್ನು
ಮೂಲೆಯ ಹಿಟ್ಟಿನ ಗಿರಣಿ ತೋರಿಸಿದ.
ಬಿಂದಿಗೆ ಇಟ್ಟ ಹುಡುಗಿಗೆ ತಲೆ ನರೆಯುತ್ತಿದೆ. ಸೊಣ್ಣಮ್ಮ.
ಇಯರ್‌ಫೋನು ಕೊಟ್ಟೆ.
ತನ್ನ ದನಿಗೆ ಬಾಯಿ ಮುಚ್ಚಿಕೊಂಡು ನಕ್ಕಳು,
'ಟಕ್' ಬಂದಾಗ ನಗಲಿಲ್ಲ.
'ಹೇಳಿದ್ಲು ನಮ್ಮವ್ವ. ಕೊಡ ಹೊತ್ಕೊಂಡು ಬಾಗ್ಲಲ್ಲೇ ನಿಂತಿದ್ದೆ.'
ಆಮೇಲೆ ಟೀ ಸೋಸಿದಳು, ಲೋಟ ತೊಳೆದಿದ್ದರೂ ಮತ್ತೆ ತೊಳೆದಳು.
'ಅವನ ಮೊಮ್ಮಕ್ಳು ಇದೇ ಬೀದೀಲವ್ರೆ ಕಣಮ್ಮ.'
ನನ್ನ ಫೋನಿನಲ್ಲಿ ರೆಕಾರ್ಡರು ತೆರೆದೇ ಇತ್ತು.
ಒತ್ತಿರಲಿಲ್ಲ.

ರಾತ್ರಿ ಬರೆದೆ:
೪೧. ಮುನಿಪಿಳ್ಳಮ್ಮ, ಎ ಬದಿ, ೩೦:೧೨.
ಇಲ್ಲಿ ಟೇಪು ಮುಗಿಯಿತು. ಅವಳು ನಿಲ್ಲಿಸಿರಲಿಲ್ಲ.

ಕರಡು ವಾಪಸು ಬಂದಿದೆ.
ಗೈಡು ಕೊನೆಯ ವಾಕ್ಯಕ್ಕೆ ಕೆಂಪು ಗೆರೆ ಎಳೆದು
ಅಂಚಿನಲ್ಲಿ ಕೇಳಿದ್ದಾರೆ:
ಆಧಾರ?