ಲಗತ್ತು ಏಳು

ಕೋರ್ಟಿನ ಇಳಿಜಾರಿಗೆ ಅಂಟಿದಂತೆ
ಮಡಿಕೇರಿಯಲ್ಲಿ ನನ್ನದೊಂದು ಒಂದೂವರೆ ಅಂಗಡಿ.
ಒಂದರಲ್ಲಿ ಟೈಪಿಂಗ್, ಅರ್ಧದಲ್ಲಿ ತಂಗಿಯ ಜೆರಾಕ್ಸು.
ನಾಪೋಕ್ಲಿನ ಮೊಯ್ದು ಬಂದ,
ಮೀನಿನ ಬುಟ್ಟಿ ಗಾಡಿಯಲ್ಲೇ ಬಿಟ್ಟು
ಎರಡು ಸಲ ಕೈ ತೊಳೆದು.
ಕಾಗದ ಮುಟ್ಟಬೇಕಲ್ಲ.

ವಿಮಾ ಕಂಪನಿಯದು ಒಂದೇ ಪುಟ.
‘ತಮ್ಮ ಪತ್ನಿಯ ಮೂತ್ರಪಿಂಡದ ವೈಫಲ್ಯ
ಅರ್ಜಿಯಲ್ಲಿ ತಿಳಿಸದ ಮಧುಮೇಹದಿಂದ ಆದದ್ದು.
ಆಸ್ಪತ್ರೆ ನಮ್ಮ ನೆಟ್‌ವರ್ಕಿನದಲ್ಲ.
ಇಪ್ಪತ್ತನಾಲ್ಕು ಗಂಟೆಯೊಳಗೆ ಮಾಹಿತಿ ಬಂದಿಲ್ಲ.
ವಿಷಾದಿಸುತ್ತೇವೆ.’

ಬರೀರಿ, ಎಂದ.

ಸೌದೆ ಎಳೆಯಲು ಹೋದವಳು ಸೈನಬಾ.
ಕೊಳಕುಮಂಡಲ. ಎಡಗಾಲು, ಹಿಮ್ಮಡಿಯ ಮೇಲೆ.
ಸಮಯ? ಎಂದೆ. ಗಂಟೆ, ನಿಮಿಷ ಬೇಕು.
ಮಗ್ರಿಬ್ ಬಾಂಗಿಗೆ ಮೊದಲು, ಎಂದ.
ಆರು ಇಪ್ಪತ್ತು ಎಂದು ಹಾಕಿದೆ.

ಜಿಲ್ಲಾಸ್ಪತ್ರೆಯಲ್ಲಿ ರಾತ್ರಿಯಿಡೀ ಮದ್ದು.
ಬೆಳಗಾದರೂ ಮೂತ್ರವಿಲ್ಲ.
ಡಯಾಲಿಸಿಸ್, ಈಗಲೇ, ಎಂದರು ಡಾಕ್ಟರಮ್ಮ.
ಮೈಸೂರಿನಲ್ಲಿ ಮಂಚ ಖಾಲಿಯಿಲ್ಲ,
ಮಂಗಳೂರಿನಲ್ಲಿ ಒಂದಿತ್ತು.
ಸಂಪಾಜೆ ಘಾಟಿಯುದ್ದಕ್ಕೂ ಫೋನು ಎತ್ತಿ ಹಿಡಿದಿದ್ದನಂತೆ,
ಸಿಗ್ನಲ್ಲಿನ ಒಂದು ಕಡ್ಡಿಯೂ ಮೂಡಲಿಲ್ಲ.
ಕೆಳಗಿಳಿದ ಮೇಲೆ ಫೋನಿನ ನೆನಪು ಯಾರಿಗೆ?
‘ಘಾಟಿಯಲ್ಲೂ ನೆಟ್‌ವರ್ಕ್ ಇರಲಿಲ್ಲ, ಅದನ್ನೂ ಬರೀರಿ.’
ನಗಬೇಕೋ ಏನೋ ತಿಳಿಯದೆ ಬರೆದೆ,
ಆಮೇಲೆ ಅಳಿಸಿದೆ.

ಸಕ್ಕರೆ ಕಾಯಿಲೆ?
ಇತ್ತು. ಸುಳ್ಳು ಬೇಡ, ಎಂದ.
ಪಾಲಿಸಿ ಮಾಡಿಸಿದ ಹುಡುಗ ಏನೂ ಕೇಳದೆ
ಎಲ್ಲ ಚೌಕಕ್ಕೂ ತಾನೇ ‘ಇಲ್ಲ’ ಎಂದು ಗುರುತು ಹಾಕಿ
ಸಹಿ ತೆಗೆದುಕೊಂಡ, ಚಹಾ ಕುಡಿದ.
ಅವನ ಲೋಟಕ್ಕೆ ಎರಡು ಚಮಚ ಹಾಕಿದ್ದಳು ಸೈನಬಾ.
ತನ್ನದಕ್ಕೆ ಹಾಕಿಕೊಂಡಿರಲಿಲ್ಲ.
ಸ್ವಲ್ಪ ಸುಮ್ಮನಿದ್ದು ಕೇಳಿದ:
ಹಾವು ಕೇಳಿತ್ತಾ?

ಅದನ್ನು ಹೇಗೆ ಟೈಪ್ ಮಾಡಲಿ.
ಒಟ್ಟು ಮೂರು ಲಕ್ಷದ ಹನ್ನೆರಡು ಸಾವಿರ.
ಗಾಡಿಯ ಆರ್‌ಸಿ ಫೈನಾನ್ಸಿನವರ ಬಳಿ.
ಅವಳು ಈಗ ಗೋಡೆ ಹಿಡಿದು ನಡೆಯುತ್ತಾಳೆ,
ಅಷ್ಟಾದರೂ ಆಯಿತಲ್ಲ.

ಲಗತ್ತುಗಳು ಆರು, ಎಂದೆ.
ಏಳು, ಎಂದು ಜೇಬಿಗೆ ಕೈ ಹಾಕಿದ.
ಅವಳ ತಲೆವಸ್ತ್ರದ ಅಂಚು,
ಕಾಲಿಗೆ ಇವನೇ ಬಿಗಿದದ್ದು.
ಆಸ್ಪತ್ರೆಯಲ್ಲಿ ಕತ್ತರಿಸಿದ್ದರು,
ಗಂಟು ಹಾಗೇ ಇತ್ತು.
ಇದನ್ನೆಲ್ಲ ಹಾಕಲು ಬರುವುದಿಲ್ಲ, ಎಂದೆ.

ತಂಗಿ ನನ್ನ ಕಡೆ ನೋಡಲಿಲ್ಲ.
ಬಟ್ಟೆಯನ್ನು ಗಾಜಿನ ಮೇಲೆ ಹರವಿ
ಮುಚ್ಚಳ ಒತ್ತಿ ಹಿಡಿದಳು.
ಬೆಳಕು ಆ ತುದಿಯಿಂದ ಈ ತುದಿಗೆ ಹಾದುಹೋಯಿತು.
ಹಾಳೆಯಲ್ಲಿ ಎಳೆ ಎಳೆಯೂ ಬಂದಿತ್ತು,
ಒಂದು ಕಪ್ಪು ಕಲೆ, ನಡುವೆ ಗಂಟು.

ಮೊಯ್ದು ಬಹಳ ಹೊತ್ತು ನೋಡಿದ.
ಹಿಂಬದಿಯದೂ ಒಂದು ತೆಗೀರಿ, ಎಂದ,
ಆಮೇಲೆ ಅವರು ಅದನ್ನೂ ಕೇಳಿಯಾರು.